ಪಕ್ಕದ ಎಲೆಯಲ್ಲಿ ಯಾರಿದ್ದಾರೆ?

ಮಕ್ಕಳೇ, ಈ ವಾರ ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಇವತ್ತು ಬೆಳಿಗ್ಗೆಯಿಂದ ಎಷ್ಟು ಜನ ನಿಮ್ಮನ್ನು ‘ತಿಂಡಿ ಆಯ್ತಾ?’, ‘ಊಟ ಆಯ್ತಾ?’ ಎಂದು ಕೇಳಿದರು? ಬೆರಳು ಮಡಿಸಿ ಎಣಿಸಿ. ಅಮ್ಮ ಒಂದು ಸಲ, ಅಜ್ಜಿ ಎರಡು ಸಲ, ಮೆಟ್ಟಿಲ ಮೇಲೆ ಸಿಕ್ಕ ಪಕ್ಕದ ಮನೆ ಆಂಟಿ ಒಂದು ಸಲ, ಫೋನಿನಲ್ಲಿ ಸೋದರಮಾವ ಒಂದು ಸಲ. ನಮ್ಮ ಕಡೆ ಇದು ಪ್ರಶ್ನೆಯೂ ಹೌದು, ನಮಸ್ಕಾರವೂ ಹೌದು.

ಈಗ ಎರಡನೇ ಲೆಕ್ಕ. ವೃದ್ಧಾಶ್ರಮದಲ್ಲಿರುವ ಒಬ್ಬ ಅಜ್ಜಿಯನ್ನು ದಿನಕ್ಕೆ ಎಷ್ಟು ಜನ ಹೀಗೆ ಕೇಳುತ್ತಾರೆ? ಅಲ್ಲಿ ಗಂಟೆ ಹೊಡೆದರೆ ಎಲ್ಲರಿಗೂ ಊಟ. ಆದದ್ದು ಎಲ್ಲರಿಗೂ ಗೊತ್ತು. ಹಾಗಾಗಿ ಯಾರೂ ಯಾರನ್ನೂ ಕೇಳುವುದಿಲ್ಲ.

ಈ ಲೆಕ್ಕ ನನ್ನ ತಲೆಗೆ ಬಂದದ್ದು ಒಂದು ಪತ್ರದಿಂದ. ಸಹಕಾರನಗರದಿಂದ ಆರನೇ ತರಗತಿಯ ಹುಡುಗಿಯೊಬ್ಬಳು ಬರೆದಿದ್ದಾಳೆ. ಹೆಸರು ಹಾಕಬೇಡಿ ಎಂದಿದ್ದಾಳೆ, ಹಾಕುವುದಿಲ್ಲ. ‘ತಾತ, ನಮ್ಮಜ್ಜಿ ಯಲಹಂಕದ ಹತ್ತಿರ ಒಂದು ಹೋಮಿನಲ್ಲಿ ಇದ್ದಾರೆ. ಸೊಂಟದ ಮೂಳೆ ಮುರಿದ ಮೇಲೆ ಮನೆಯಲ್ಲಿ ನೋಡ್ಕೊಳ್ಳೋಕೆ ಆಗ್ಲಿಲ್ಲ, ಅಪ್ಪ ಅಮ್ಮ ಇಬ್ರೂ ಕೆಲ್ಸಕ್ಕೆ ಹೋಗ್ತಾರೆ. ಅಲ್ಲಿ ಊಟ ಚೆನ್ನಾಗೇ ಇದೆ, ನಾನೇ ತಿಂದು ನೋಡಿದೀನಿ. ಆದ್ರೂ ಅಜ್ಜಿ ತಿನ್ನಲ್ಲ. ಕೈ ಎತ್ತಿದ್ರೆ ಬಳೆ ಮೊಣಕೈವರೆಗೂ ಜಾರುತ್ತೆ. ಏನ್ ಮಾಡ್ಬೇಕು?’

ಮಗು, ಬಳೆಯ ಆ ಒಂದು ಸಾಲಿಗೆ ನಿನಗೆ ನೂರಕ್ಕೆ ನೂರು. ವೈದ್ಯರು ತೂಕದ ಯಂತ್ರದಲ್ಲಿ ನೋಡುವುದನ್ನು ನೀನು ಬಳೆಯಲ್ಲಿ ನೋಡಿದ್ದೀಯ. ಮೊದಲು ಅಪ್ಪನಿಗೆ ಹೇಳಿ, ಹೋಮಿನಲ್ಲಿ ತಿಂಗಳು ತಿಂಗಳು ಅಜ್ಜಿಯ ತೂಕ ಬರೆದಿಟ್ಟಿದ್ದಾರಾ ಎಂದು ಕೇಳಿಸು. ವಯಸ್ಸಾದವರ ತೂಕ ತಾನಾಗಿ ಇಳಿಯುತ್ತಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಹಲ್ಲುನೋವು, ಯಾವುದೋ ಮಾತ್ರೆ, ಮಲಬದ್ಧತೆ, ಮನಸ್ಸಿನ ಬೇಸರ, ಏನಾದರೂ ಇರಬಹುದು. ಆ ಕೆಲಸ ಅವರದು. ಉಳಿದದ್ದನ್ನು ನಾವು ನೀವು ಹುಡುಕೋಣ.

‘ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಇದರಲ್ಲಿ ಏನು ಗೊತ್ತು?’ ಎಂದು ಕೆಲವರು ಕೇಳಬಹುದು. ಎರಡು ವಾರಕ್ಕೊಮ್ಮೆ ಶನಿವಾರ, ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆಯ ಕಡೆ ಇರುವ ಒಂದು ಹೋಮಿಗೆ ಹೋಗಿ ಲೆಕ್ಕ ಬರೆದುಕೊಡುತ್ತೇನೆ. ಅಕ್ಕಿ ಇಷ್ಟು, ತೊಗರಿಬೇಳೆ ಇಷ್ಟು, ಹಾಲು ಇಷ್ಟು, ಗ್ಯಾಸ್ ಇಷ್ಟು. ಒಳಗೆ ಬಂದದ್ದಕ್ಕೆಲ್ಲ ಪುಸ್ತಕದಲ್ಲಿ ಜಾಗ ಇತ್ತು. ಊಟ ಮುಗಿದ ಮೇಲೆ ಬಕೆಟ್ಟಿಗೆ ಬಿದ್ದದ್ದಕ್ಕೆ ಮಾತ್ರ ಯಾವ ಪುಟವೂ ಇರಲಿಲ್ಲ. ಸಂಜೆ ಹಾಲಿನವರು ಆ ಬಕೆಟ್ಟನ್ನು ತಮ್ಮ ಎಮ್ಮೆಗೆಂದು ಒಯ್ಯುತ್ತಿದ್ದರು. ಎಮ್ಮೆ ದುಂಡಗಾಗುತ್ತಿತ್ತು, ಅಜ್ಜಿಯರು ತೆಳ್ಳಗಾಗುತ್ತಿದ್ದರು. ಅಡುಗೆಯಮ್ಮ ಒಂದು ದಿನ ಬಕೆಟ್ಟಿನ ಒಳಗೆ ಬಣ್ಣದಿಂದ ನಾಲ್ಕು ಗೆರೆ ಎಳೆದರು: ಕಾಲು, ಅರ್ಧ, ಮುಕ್ಕಾಲು, ಪೂರ್ತಿ. ಅವತ್ತಿನಿಂದ ನಾನೂ ಒಂದು ಹೊಸ ಪುಟ ತೆರೆದೆ. ಊಟದ ಹೊತ್ತಿನಲ್ಲಿ ಮೇಜುಕುರ್ಚಿ ಬಿಟ್ಟು ಊಟದ ಮನೆಯ ಮೂಲೆಯಲ್ಲಿ ಕೂತು ನೋಡತೊಡಗಿದೆ.

ಮೊದಲು ದೇಹದ ವಿಷಯ. ರುಚಿ ಎಂದರೆ ನಾಲಿಗೆಯದು ಎಂದುಕೊಂಡಿದ್ದೇವೆ. ನೆಗಡಿಯಾದಾಗ ನಿಮಗೆ ಬಿಸಿಬೇಳೆಬಾತೂ ಸಪ್ಪೆ ಅನ್ನಿಸುತ್ತದಲ್ಲವೇ? ರುಚಿಯ ದೊಡ್ಡ ಪಾಲು ಮೂಗಿನದು. ವಯಸ್ಸಾಗುತ್ತಾ ವಾಸನೆ ಹಿಡಿಯುವ ಶಕ್ತಿ ಕುಗ್ಗುತ್ತದೆ. ಮನೆಯಲ್ಲಿ ತಾತ ‘ಸಾರಿಗೆ ಉಪ್ಪೇ ಇಲ್ಲ’ ಎಂದರೆ ಅದು ಅಮ್ಮನ ಮೇಲಿನ ದೂರಲ್ಲ, ಅವರಿಗೆ ಹಾಗೇ ಅನ್ನಿಸುತ್ತದೆ. ಹಾಗೆಂದು ಉಪ್ಪು ಸುರಿಯುವಂತಿಲ್ಲ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ.

ಇದಕ್ಕೆ ಆ ಹೋಮಿನ ಅಡುಗೆಯಮ್ಮನೇ ದಾರಿ ಕಂಡುಕೊಂಡರು. ಮೊದಲು ಬೆಳಿಗ್ಗೆ ಹತ್ತಕ್ಕೇ ಸಾರಿಗೆ ಒಗ್ಗರಣೆ ಹಾಕಿ ಮುಚ್ಚಿಡುತ್ತಿದ್ದರು. ಈಗ ಊಟದ ಹೊತ್ತಿಗೆ, ಊಟದ ಮನೆಯ ಬಾಗಿಲಲ್ಲೇ ಸಣ್ಣ ಒಲೆಯಿಟ್ಟು ಒಗ್ಗರಣೆ ಕೊಡುತ್ತಾರೆ. ಸಾಸಿವೆ ಚಟಪಟ ಅನ್ನುತ್ತದೆ, ಇಂಗು ಕರಿಬೇವಿನ ಘಮ ಓಣಿಯುದ್ದಕ್ಕೂ ಹೋಗುತ್ತದೆ. ಗಂಟೆ ಹೊಡೆಯುವ ಮೊದಲೇ ಕೋಣೆಗಳ ಬಾಗಿಲು ತೆರೆಯುತ್ತವೆ. ನಿಂಬೆಹಣ್ಣು, ಕೊತ್ತಂಬರಿ, ಶುಂಠಿ, ಇವೂ ಉಪ್ಪಿನ ಕೆಲಸವನ್ನು ಸ್ವಲ್ಪ ತಾವೇ ಮಾಡುತ್ತವೆ.

ಮುಂದಿನದು ಇನ್ನೂ ಸರಳ. ಹಲ್ಲಿನ ಸೆಟ್ಟು ಕೋಣೆಯ ಲೋಟದಲ್ಲಿ, ಅಜ್ಜಿ ಊಟದ ಮನೆಯಲ್ಲಿ! ಕನ್ನಡಕ ದಿಂಬಿನ ಕೆಳಗೆ, ತಾತ ತಟ್ಟೆಯ ಮುಂದೆ. ಕಿವಿಯ ಯಂತ್ರ ಪೆಟ್ಟಿಗೆಯಲ್ಲಿ. ಕಾಣದ ತಟ್ಟೆ, ಅಗಿಯಲಾಗದ ಪಲ್ಯ, ಕೇಳಿಸದ ಮಾತು. ಇಷ್ಟಾದ ಮೇಲೆ ಯಾರಿಗೆ ತಾನೇ ಹಸಿವು? ಈಗ ಬಾಗಿಲಲ್ಲಿ ಒಬ್ಬ ಆಯಾ ನಿಂತು ‘ಕಣ್ಣು, ಕಿವಿ, ಹಲ್ಲು ಬಂತಾ?’ ಎಂದು ತಮಾಷೆಯಾಗಿ ಕೇಳುತ್ತಾರೆ. ಮರೆತವರು ನಗುತ್ತಾ ಹಿಂದಿರುಗಿ ತರುತ್ತಾರೆ, ನಡೆಯಲಾರದವರಿಗೆ ಆಯಾ ತಂದುಕೊಡುತ್ತಾರೆ.

ಕಣ್ಣಿನ ವಿಷಯದಲ್ಲಿ ಒಂದು ಸೊಗಸಾದ ಪರೀಕ್ಷೆ ನಡೆದಿದೆ. ಅಮೆರಿಕದ ಬಾಸ್ಟನ್ ನಗರದ ವಿಜ್ಞಾನಿಗಳು ಮರೆವಿನ ಕಾಯಿಲೆ, ಅಂದರೆ ಆಲ್‌ಜೈಮರ್ಸ್, ತೀವ್ರವಾಗಿದ್ದ ಒಂಬತ್ತು ಮಂದಿಗೆ ಮೊದಲು ಬಿಳಿ ತಟ್ಟೆ ಲೋಟದಲ್ಲೂ ಆಮೇಲೆ ಕಡುಕೆಂಪು ತಟ್ಟೆ ಲೋಟದಲ್ಲೂ ಊಟ ಕೊಟ್ಟು ನೋಡಿದರು. ಕೆಂಪು ತಟ್ಟೆಯಲ್ಲಿ ಅವರು ಶೇಕಡಾ 25ರಷ್ಟು ಹೆಚ್ಚು ತಿಂದರು, ಶೇಕಡಾ 84ರಷ್ಟು ಹೆಚ್ಚು ಕುಡಿದರು. ಇದು 2004ರಲ್ಲಿ ಪ್ರಕಟವಾಯಿತು. ಒಂಬತ್ತೇ ಜನರ ಪರೀಕ್ಷೆ, ನಿಜ. ಆದರೆ ಕಾರಣ ಅರ್ಥವಾಗುವಂಥದ್ದು: ಬಿಳಿ ತಟ್ಟೆಯಲ್ಲಿ ಬಿಳಿ ಅನ್ನ ಎಲ್ಲಿದೆ ಎಂದು ಮಸುಕಾದ ಕಣ್ಣಿಗೆ ಗೊತ್ತಾಗುವುದಿಲ್ಲ. ನಮ್ಮ ಹೊಳೆಯುವ ಸ್ಟೀಲ್ ತಟ್ಟೆಯಲ್ಲಿ ಮೊಸರನ್ನದ ಕಥೆಯೂ ಅದೇ, ಮೇಲಿನ ಟ್ಯೂಬ್‌ಲೈಟು ಬೇರೆ ಅದರಲ್ಲಿ ಮಿನುಗುತ್ತದೆ. ಈಗ ಹೇಳಿ, ಅನ್ನ ಎದ್ದು ಕಾಣುವ ಬಣ್ಣದ ತಟ್ಟೆ ನಮ್ಮಲ್ಲಿ ಮೊದಲಿನಿಂದಲೂ ಇದೆಯಲ್ಲ, ಯಾವುದು? ಹೌದು, ಬಾಳೆ ಎಲೆ. ಹಸಿರಿನ ಮೇಲೆ ಬಿಳಿ ಅನ್ನ, ಹಳದಿ ತೊವ್ವೆ, ಕೆಂಪು ಉಪ್ಪಿನಕಾಯಿ. ಕೈ ನಡುಗುವವರಿಗೆ ಎಲೆ ಕಷ್ಟ, ಅವರಿಗೆ ಅಂಚು ಎತ್ತರ ಇರುವ ಬಣ್ಣದ ತಟ್ಟೆ ಕೊಡಬಹುದು.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪಾರ್ಶ್ವವಾಯು, ಮರೆವಿನ ಕಾಯಿಲೆ ಇರುವ ಕೆಲವರಿಗೆ ನುಂಗುವುದೇ ಕಷ್ಟವಾಗುತ್ತದೆ. ಊಟದ ನಡುವೆ ಕೆಮ್ಮುತ್ತಾರೆ, ಗಂಟಲಿನಲ್ಲಿ ಗೊರಗೊರ ಸದ್ದಾಗುತ್ತದೆ. ಅನ್ನ, ನೀರು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಮಾತು ತೊದಲುವ ಮಕ್ಕಳಿಗೆ ಪಾಠ ಹೇಳುವ ಸ್ಪೀಚ್ ಥೆರಪಿಸ್ಟ್ ಇರುತ್ತಾರಲ್ಲ, ನುಂಗುವುದನ್ನು ಪರೀಕ್ಷಿಸಿ ಹೇಳುವವರೂ ಅವರೇ. ಯಾರಿಗೆ ಮೆತ್ತನೆ, ಯಾರಿಗೆ ನುಣ್ಣನೆ, ಯಾರಿಗೆ ನೀರೂ ಸ್ವಲ್ಪ ಗಟ್ಟಿಯಾಗಿರಬೇಕು ಎಂದು ಅವರು ತಿಳಿಸುತ್ತಾರೆ. ಆದ್ದರಿಂದ ಮಕ್ಕಳೇ, ಹೋಮಿಗೆ ಹೋದಾಗ ಅಲ್ಲಿನವರನ್ನು ಕೇಳದೆ ಯಾರ ಬಾಯಿಗೂ ಒಂದು ತುತ್ತೂ ಇಡಬೇಡಿ. ಮಲಗಿದವರಿಗೆ ತಿನ್ನಿಸಬಾರದು. ನೆಟ್ಟಗೆ ಕೂತು ತಿನ್ನಬೇಕು, ತಿಂದ ಮೇಲೂ ಅರ್ಧ ಗಂಟೆ ಕೂತಿರಬೇಕು.

ಇನ್ನು ಹೊತ್ತಿನ ವಿಷಯ. ಆ ಹೋಮಿನಲ್ಲಿ ಒಬ್ಬ ತಾತ ಇದ್ದಾರೆ, ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಶುರುವಾದ ಕಾರ್ಖಾನೆ ಅದು. ಕೀ ಕೊಡುವ ಗಡಿಯಾರ ಈಗಲೂ ಅವರ ಕೈಯಲ್ಲಿದೆ. ಒಂದು ಶನಿವಾರ ನನ್ನನ್ನು ಕರೆದು ಹೇಳಿದರು: ‘ಸ್ವಾಮೀ, ನೀವು ಲೆಕ್ಕದವರು. ಇದನ್ನೂ ಬರ್ಕೊಳ್ಳಿ. ರಾತ್ರಿ ಊಟ 6.15ಕ್ಕೆ. ಬೆಳಿಗ್ಗೆ ತಿಂಡಿ 8.30ಕ್ಕೆ. ಎಷ್ಟಾಯ್ತು?’

ನೀವೂ ಕೂಡಿ ನೋಡಿ. 14 ಗಂಟೆ 15 ನಿಮಿಷ. ಅಡುಗೆಯವರು ಏಳು ಗಂಟೆಯ ಬಸ್ಸು ಹಿಡಿದು ರಾಜಾನುಕುಂಟೆ ಕಡೆ ಹೋಗಬೇಕು, ಅದಕ್ಕೆ ಆರೂಕಾಲಿಗೇ ಊಟ. ಅವರದೂ ತಪ್ಪಲ್ಲ, ಅವರ ಮನೆಯಲ್ಲೂ ಮಕ್ಕಳು ಕಾಯುತ್ತಿರುತ್ತಾರೆ. ಆದರೆ ಹಗಲಿಡೀ ಮೈ ದಣಿದಿಲ್ಲದ ತಾತನಿಗೆ ಆರೂಕಾಲಿಗೆ ಹಸಿವಿಲ್ಲ, ರಾತ್ರಿ ಎರಡಕ್ಕೆ ಹಸಿವು, ಆಗ ಅಡುಗೆಮನೆಗೆ ಬೀಗ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಇಷ್ಟು ಹೊತ್ತು ಖಾಲಿ ಹೊಟ್ಟೆ ಅಪಾಯವೂ ಹೌದು. ಅಮೆರಿಕದಲ್ಲಿ ಸರ್ಕಾರದ ಹಣ ಪಡೆಯುವ ಆರೈಕೆ ಮನೆಗಳಿಗೆ ಇದಕ್ಕೊಂದು ನಿಯಮವೇ ಇದೆ. ರಾತ್ರಿಯೂಟಕ್ಕೂ ಮರುದಿನದ ತಿಂಡಿಗೂ ನಡುವೆ 14 ಗಂಟೆಗಿಂತ ಹೆಚ್ಚು ಇರಬಾರದು. ಮಲಗುವ ಮೊದಲು ಪುಷ್ಟಿಯಾದ ಏನಾದರೂ ಕೊಟ್ಟು, ಅಲ್ಲಿರುವವರು ಒಪ್ಪಿದರೆ ಮಾತ್ರ 16 ಗಂಟೆಯವರೆಗೆ ಹೋಗಬಹುದು.

ಗಡಿಯಾರದ ತಾತನ ಲೆಕ್ಕವನ್ನು ನಾನು ಹಾಗೇ ಬರೆದು ನಡೆಸುವವರ ಮುಂದಿಟ್ಟೆ. ಊಟವನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿದರು. ರಾತ್ರಿ ಒಂಬತ್ತಕ್ಕೆ ರಾತ್ರಿಪಾಳಿಯ ಆಯಾ ಎಲ್ಲರಿಗೂ ಒಂದೊಂದು ಲೋಟ ರಾಗಿ ಗಂಜಿ ಕೊಡುತ್ತಾರೆ. ನುಂಗಲು ಕಷ್ಟ ಇರುವವರಿಗೆ ತಜ್ಞರು ಹೇಳಿದ ಹದದಲ್ಲಿ. ರಾಗಿಯೇ ಏಕೆ? 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ಮೂಳೆ ಸವೆದವರಿಗೆ ಇದಕ್ಕಿಂತ ಅಗ್ಗದ ಗೆಳೆಯ ಇಲ್ಲ. ಹೆಬ್ಬಾಳದಿಂದ ಯಲಹಂಕಕ್ಕೆ ಬರುವಾಗ ಜಿಕೆವಿಕೆ, ಅಂದರೆ ನಮ್ಮ ಕೃಷಿ ವಿಶ್ವವಿದ್ಯಾಲಯ ಸಿಗುತ್ತದಲ್ಲ, ಅಲ್ಲಿ ರಾಗಿಯ ಮೇಲೆ ಎಷ್ಟೋ ವರ್ಷಗಳಿಂದ ಸಂಶೋಧನೆ ನಡೆಯುತ್ತಿದೆ. ರಾಗಿ ನಮ್ಮ ಬಾಗಿಲಲ್ಲೇ ಇದೆ.

ಒಗ್ಗರಣೆ, ಹಲ್ಲು, ಗಂಜಿ ಇಷ್ಟೂ ಆದ ಮೇಲೆ ಬಕೆಟ್ಟು ಮುಕ್ಕಾಲು ಗೆರೆಯಿಂದ ಅರ್ಧಕ್ಕೆ ಇಳಿಯಿತು. ಅಲ್ಲಿಂದ ಕೆಳಗೆ ಇಳಿಯಲಿಲ್ಲ. ಮತ್ತೆ ಮೂಲೆಯಲ್ಲಿ ಕೂತು ನೋಡಿದೆ.

ಏನು ಕಂಡಿತು ಗೊತ್ತೇ? ಎಲ್ಲರಿಗೂ ತಟ್ಟೆಯಲ್ಲಿ ಮೊದಲೇ ಬಡಿಸಿ ತಂದಿಡುತ್ತಿದ್ದರು. ಅನ್ನದ ಮೇಲೆ ಹುಳಿ, ಅದರ ಪಕ್ಕಕ್ಕೇ ಮಜ್ಜಿಗೆ ಹರಿದು ಬಂದಿರುತ್ತಿತ್ತು. ಗೋಡೆಯ ಟೀವಿಯಲ್ಲಿ ಧಾರಾವಾಹಿಯ ಅತ್ತೆ ಸೊಸೆ ಕಿರುಚುತ್ತಿದ್ದರು. ಮೂರನೇ ತುತ್ತಿಗೆ ನರ್ಸಮ್ಮ ಬಂದು ‘ಬಾಯಿ ತೆಗೀರಿ’ ಎಂದು ಮಾತ್ರೆ ಹಾಕುತ್ತಿದ್ದರು. ಹತ್ತು ಜನಕ್ಕೆ ಒಬ್ಬ ಆಯಾ, ಅವರಿಗೂ ಅವಸರ. ಒಂದು ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯುತ್ತಿತ್ತು. ಆ ಇಪ್ಪತ್ತು ನಿಮಿಷದಲ್ಲಿ ‘ಇನ್ನು ಸ್ವಲ್ಪ ಹಾಕ್ಲಾ?’ ಎಂಬ ಮಾತು ಒಂದೇ ಒಂದು ಸಲವೂ ನನ್ನ ಕಿವಿಗೆ ಬೀಳಲಿಲ್ಲ.

ಅಜ್ಜಿ ತಾತಂದಿರೇ, ನಿಮಗೆ ನೆನಪಿರುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗ ಅಡುಗೆ ಎಷ್ಟೇ ಚೆನ್ನಾಗಿರಲಿ, ಉಪಚಾರ ಮಾಡುವವರು ಇಲ್ಲದಿದ್ದರೆ ‘ಊಟವೇ ಸೇರಲಿಲ್ಲ’ ಎಂದು ಎದ್ದು ಬರುತ್ತಿದ್ದೆವು. ಮಕ್ಕಳೇ, ಉಪಚಾರ ಎಂದರೆ ಬಡಿಸುತ್ತಾ ಕೇಳುವುದು. ‘ಇದನ್ನ ರುಚಿ ನೋಡಿ’, ‘ನಾಚ್ಕೋಬೇಡಿ’, ‘ಅರ್ಧ ಹೋಳಿಗೆ ಹಾಕ್ಲಾ?’ ಎನ್ನುವುದು. ಕೇಳಿಸಿಕೊಂಡವರಿಗೆ ‘ಸಾಕು’ ಎನ್ನುವ ಹಕ್ಕು ಬರುತ್ತದೆ, ‘ಬೇಕು’ ಎನ್ನುವ ಹಕ್ಕೂ ಬರುತ್ತದೆ. ಮೊದಲೇ ತುಂಬಿಸಿಟ್ಟ ತಟ್ಟೆ ಈ ಎರಡನ್ನೂ ಕಸಿದುಕೊಳ್ಳುತ್ತದೆ.

ಇದು ಹಳೇ ಕಾಲದವನ ಹಂಬಲ ಎಂದುಕೊಳ್ಳಬೇಡಿ. ಹಾಲೆಂಡಿನ ಐದು ಆರೈಕೆ ಮನೆಗಳಲ್ಲಿ 178 ಜನರನ್ನು ಆರು ತಿಂಗಳು ಗಮನಿಸಿ ನೋಡಿದ್ದಾರೆ. ಒಂದು ಗುಂಪಿಗೆ ಎಂದಿನಂತೆ ಬಡಿಸಿ ತಂದ ಟ್ರೇ. ಇನ್ನೊಂದು ಗುಂಪಿಗೆ ಮನೆಯಂಥ ಊಟ: ಮೇಜಿಗೆ ಬಟ್ಟೆ, ಪಾತ್ರೆಗಳು ಮೇಜಿನ ಮೇಲೆ, ಬೇಕಾದ್ದನ್ನು ಬೇಕಾದಷ್ಟು ಹಾಕಿಕೊಳ್ಳುವ ಅವಕಾಶ, ಜೊತೆಗೆ ಕೂರುವ ಸಿಬ್ಬಂದಿ, ಊಟದ ನಡುವೆ ಮಾತ್ರೆ ಇಲ್ಲ. ಮನೆಯಂಥ ಊಟ ಮಾಡಿದವರ ತೂಕ ಮತ್ತು ಶಕ್ತಿ ಉಳಿಯಿತು, ಟ್ರೇ ಗುಂಪಿನವರು ಸೊರಗಿದರು. ತೂಕದಲ್ಲಿ ಎರಡು ಗುಂಪಿಗೂ ಸುಮಾರು ಒಂದೂವರೆ ಕೆಜಿಯಷ್ಟು ವ್ಯತ್ಯಾಸ ಬಿತ್ತು. 2006ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಇದನ್ನು ಪ್ರಕಟಿಸಿತು. ನಮ್ಮ ಪಂಕ್ತಿಯೂಟವನ್ನು ಹಾಲೆಂಡಿನವರು ತೂಕ ಹಾಕಿ ತೋರಿಸಿದ್ದಾರೆ ಎಂದುಕೊಂಡೆ.

ನಮ್ಮ ಹೋಮಿನಲ್ಲೂ ಒಂದೊಂದಾಗಿ ಬದಲಾಯಿತು. ಊಟದ ಹೊತ್ತಿಗೆ ಟೀವಿ ಬಂದ್. ಊಟದ ಜೊತೆಗೇ ತೆಗೆದುಕೊಳ್ಳಬೇಕಾದ ಮಾತ್ರೆಗಳನ್ನು ಬಿಟ್ಟು ಉಳಿದವಕ್ಕೆ ವೈದ್ಯರನ್ನು ಕೇಳಿ ಬೇರೆ ಹೊತ್ತು. ನಾಲ್ಕು ಜನಕ್ಕೊಂದು ಮೇಜು, ಮೇಜಿನ ಮೇಲೆ ಪಾತ್ರೆ, ಸೌಟು. ಪ್ರತಿ ಪಂಕ್ತಿಯಲ್ಲಿ ಒಬ್ಬ ಆಯಾ ತಮ್ಮ ತಟ್ಟೆಯನ್ನೂ ಇಟ್ಟುಕೊಂಡು ಅಲ್ಲೇ ಕೂತು ಉಣ್ಣುವುದು. ಇದುವರೆಗೆ ಅವರು ಎಲ್ಲರದೂ ಮುಗಿದ ಮೇಲೆ ಅಡುಗೆಮನೆಯಲ್ಲಿ ನಿಂತೇ ಉಣ್ಣುತ್ತಿದ್ದರು. ಬಿಸಿ ಅನ್ನ ಅವರಿಗೂ ಸಿಕ್ಕಿತು. ಖರ್ಚಿನ ಪುಟದಲ್ಲಿ ಹೊಸದಾಗಿ ಸೇರಿದ್ದು ಸೌಟುಗಳು, ಮೇಜಿನ ಬಟ್ಟೆ, ರಾಗಿ, ಹಬ್ಬದ ದಿನದ ಬಾಳೆ ಎಲೆ. ಟೀವಿ ಆರಿಸಿದ್ದಕ್ಕೆ ಖರ್ಚಿಲ್ಲ.

ಒಬ್ಬ ಅಜ್ಜಿಯ ತಟ್ಟೆ ಮಾತ್ರ ಇಷ್ಟಾದರೂ ಹಾಗೇ ಉಳಿಯುತ್ತಿತ್ತು. ತುಮಕೂರು ಕಡೆಯವರು, ದೊಡ್ಡ ಕೂಡುಕುಟುಂಬದಲ್ಲಿ ಬಾಳಿದವರು. ಅನ್ನ ಮುಂದಿಟ್ಟುಕೊಂಡು ಸುತ್ತಲೂ ನೋಡುತ್ತಾ ಕೂರುತ್ತಿದ್ದರು. ಹಸಿವಿಲ್ಲ ಎಂದು ಎಲ್ಲರೂ ತಿಳಿದಿದ್ದರು. ಒಂದು ದಿನ ಆಯಾ ಪಕ್ಕದಲ್ಲಿ ಕೂತು ‘ಯಾಕಜ್ಜಿ?’ ಎಂದು ಕೇಳಿದರು. ಅಜ್ಜಿ ಹೇಳಿದ್ದು: ‘ಎಲ್ಲಾರ್ಗೂ ಬಡ್ಸಾಯ್ತಾ ಅಂತ ನೋಡ್ತಿದೀನಿ ಕಣವ್ವ.’ ಅರವತ್ತು ವರ್ಷ ಮನೆಮಂದಿಗೆಲ್ಲ ಬಡಿಸಿ ಕೊನೆಗೆ ಉಂಡ ಕೈ ಅದು. ಬೇರೆಯವರ ಎಲೆ ಖಾಲಿಯಿರುವಾಗ ತನ್ನ ತುತ್ತು ಬಾಯಿಗೆ ಹೋಗುವುದಿಲ್ಲ. ಮರುದಿನ ಅವರ ಕೈಗೆ ತುಪ್ಪದ ಬಟ್ಟಲು, ಸಣ್ಣ ಚಮಚ ಕೊಟ್ಟರು. ಕೂತಲ್ಲಿಂದಲೇ ತಮ್ಮ ಮೇಜಿನ ಮೂವರಿಗೂ ಬಡಿಸಿದರು. ಆಮೇಲೆ ತಮ್ಮ ಅನ್ನ ಕಲಸಿಕೊಂಡರು. ಈಗ ಅದು ಅವರ ಕೆಲಸ. ತಪ್ಪಿಸುವಂತಿಲ್ಲ.

ಎಲ್ಲವೂ ಹೀಗೆ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೂಲೆಯ ಕೋಣೆಯ ತಾತ ಒಬ್ಬರು ಎಷ್ಟು ಉಪಚಾರ ಮಾಡಿದರೂ ಊಟ ಬಿಡುತ್ತಾ ಬಂದರು. ವೈದ್ಯರು ನೋಡಿ, ಇವರಿಗೆ ಕೊನೆಯ ದಿನಗಳು, ಇಂಥ ಹೊತ್ತಿನಲ್ಲಿ ದೇಹ ಅನ್ನ ಕೇಳುವುದಿಲ್ಲ, ಒತ್ತಾಯ ಮಾಡಬೇಡಿ ಎಂದರು. ಅವರ ಮಗಳು ದಿನವೂ ಬಂದು ಪಕ್ಕದಲ್ಲಿ ಕೂತು, ಒಣಗಿದ ತುಟಿಗೆ ಒದ್ದೆ ಹತ್ತಿ ಒತ್ತುತ್ತಿದ್ದರು. ಅದೂ ಉಪಚಾರವೇ. ಉಪಚಾರಕ್ಕೂ ಒತ್ತಾಯಕ್ಕೂ ಇರುವ ಅಂತರವನ್ನು ಆ ಮಗಳು ನಮಗೆಲ್ಲ ಕಲಿಸಿದರು.

ಇನ್ನು ದೊಡ್ಡವರಿಗೆ ಒಂದು ಮಾತು. ನಮ್ಮ ಬೆಂಗಳೂರಿನಲ್ಲಿ ಒಂದು ಒಳ್ಳೆಯ ರೂಢಿ ಇದೆ. ಮಗುವಿನ ಹುಟ್ಟುಹಬ್ಬಕ್ಕೋ ಹಿರಿಯರ ತಿಥಿಗೋ ವೃದ್ಧಾಶ್ರಮದಲ್ಲಿ ಒಂದು ಹೊತ್ತಿನ ಊಟ ಕೊಡಿಸುವುದು. ಪುಣ್ಯದ ಕೆಲಸ. ಆದರೆ ನಾನು ನೋಡಿದ್ದನ್ನೂ ಹೇಳಬೇಕು. ಹನ್ನೆರಡೂವರೆಗೆ ಉಣ್ಣುವವರು ಊಟ ಕೊಡುವವರು ಬರಲಿ ಎಂದು ಹೆಬ್ಬಾಳದ ಟ್ರಾಫಿಕ್ಕನ್ನು ಶಪಿಸುತ್ತಾ ಒಂದೂವರೆವರೆಗೆ ಕಾಯುತ್ತಾರೆ. ಸಕ್ಕರೆ ಕಾಯಿಲೆಯವರ ಎಲೆಗೆ ಎರಡೆರಡು ಜಾಮೂನು ಬೀಳುತ್ತದೆ. ಬಡಿಸುವ ಫೋಟೋ ಆಗುತ್ತದೆ, ಬಂದವರು ಕಾರು ಹತ್ತಿ ಹೋಟೆಲಿಗೆ ಊಟಕ್ಕೆ ಹೋಗುತ್ತಾರೆ. ದಯವಿಟ್ಟು ಮೊದಲೇ ಫೋನ್ ಮಾಡಿ ಏನು ಬೇಕು, ಏನು ಕೂಡದು ಎಂದು ಕೇಳಿ. ಹೊತ್ತಿಗೆ ಸರಿಯಾಗಿ ಹೋಗಿ. ಅವರ ಪಕ್ಕದಲ್ಲೇ ಎಲೆ ಹಾಕಿಸಿಕೊಂಡು ಕೂತು ಊಟ ಮಾಡಿ. ಹಬ್ಬದ ದಿನ ಎಲ್ಲರೂ ಬರುತ್ತಾರೆ, ಸುಮ್ಮನೆ ಒಂದು ಮಂಗಳವಾರ ಯಾರೂ ಬರುವುದಿಲ್ಲ. ಆ ಮಂಗಳವಾರವನ್ನು ಆರಿಸಿಕೊಳ್ಳಿ.

ಕಾನೂನು ತನ್ನ ಪಾಲಿನದನ್ನು ಹೇಳಿದೆ. ತಂದೆ ತಾಯಿಯರ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆ ‘ಪೋಷಣೆ’ ಎಂಬುದರಲ್ಲಿ ಅನ್ನ, ಬಟ್ಟೆ, ವಸತಿ, ಚಿಕಿತ್ಸೆ ನಾಲ್ಕನ್ನೂ ಸೇರಿಸಿದೆ. ಗತಿಯಿಲ್ಲದ ಹಿರಿಯರಿಗಾಗಿ ಜಿಲ್ಲೆಗೆ ಕನಿಷ್ಠ ಒಂದು, 150 ಜನಕ್ಕೆ ಜಾಗವಿರುವ ವೃದ್ಧಾಶ್ರಮ ಸ್ಥಾಪಿಸುವ ಮಾತೂ ಅದರಲ್ಲಿದೆ. ಹಿರಿಯರಿಗೆ ತೊಂದರೆಯಾದರೆ 14567 ಎಂಬ ಸಹಾಯವಾಣಿಯಿದೆ, ಕರೆ ಉಚಿತ. ಅನ್ನ ಕೊಡಬೇಕು ಎಂದು ಕಾಯ್ದೆ ಹೇಳಬಲ್ಲದು. ಪಕ್ಕದ ಕುರ್ಚಿಯಲ್ಲಿ ಕೂರಬೇಕು ಎಂದು ಹೇಳಲು ಯಾವ ಕಾಯ್ದೆಗೂ ಆಗದು. ಆ ಭಾಗ ನಮ್ಮದು.

ಈಗ ಸಹಕಾರನಗರದ ಮಗುವಿಗೆ ಉತ್ತರ. ಭಾನುವಾರ ಸಂಜೆ ನಾಲ್ಕಕ್ಕೆ ಹೋಗುತ್ತೀಯಲ್ಲ, ಅದರ ಬದಲು ಹೋಮಿನವರಿಗೆ ಮೊದಲೇ ತಿಳಿಸಿ ಮಧ್ಯಾಹ್ನ ಊಟದ ಹೊತ್ತಿಗೆ ಹೋಗು. ಡಬ್ಬಿಯಲ್ಲಿ ಏನೂ ಒಯ್ಯಬೇಕಾಗಿಲ್ಲ, ಅಲ್ಲಿನದನ್ನೇ ನೀನೂ ಉಣ್ಣು. ‘ತಿನ್ನಜ್ಜಿ, ತಿನ್ನಜ್ಜಿ’ ಎನ್ನಬೇಡ. ‘ಅಜ್ಜಿ, ನಂಗೆ ಸ್ವಲ್ಪ ಹುಳಿ ಬಡಿಸ್ತೀಯಾ?’ ಎಂದು ಕೇಳು. ಒಂದು ನೋಟ್‌ಬುಕ್ ಒಯ್ದು, ಊಟ ಮಾಡುತ್ತಾ ಈ ಐದು ಪ್ರಶ್ನೆ ಕೇಳಿ ಬರೆದುಕೋ. ಬೇರೆ ಮಕ್ಕಳೂ ನಿಮ್ಮ ನಿಮ್ಮ ಮನೆಯ ಅಜ್ಜಿ ತಾತನನ್ನು ಕೇಳಬಹುದು.

1. ನೀನು ನನ್ನಷ್ಟು ಚಿಕ್ಕವಳಿದ್ದಾಗ ನಿಮ್ಮನೆಯಲ್ಲಿ ಬೆಳಿಗ್ಗೆ ಏನು ತಿನ್ನುತ್ತಿದ್ದಿರಿ?
2. ಜ್ವರ ಬಂದಾಗ ನಿಮ್ಮಮ್ಮ ಏನು ಮಾಡಿಕೊಡುತ್ತಿದ್ದರು?
3. ಊಟಕ್ಕೆ ಕೂತಾಗ ನಿನ್ನ ಪಕ್ಕದಲ್ಲಿ ಯಾರು ಕೂರುತ್ತಿದ್ದರು?
4. ಯಾವುದನ್ನು ಕಂಡರೆ ನಿನಗೆ ಆಗುತ್ತಿರಲಿಲ್ಲ?
5. ಈಗ ಯಾವುದನ್ನು ತಿಂದು ಬಹಳ ದಿನವಾಯಿತು?

ಉತ್ತರಗಳ ಒಂದು ಪ್ರತಿಯನ್ನು ಹೋಮಿನ ಅಡುಗೆಯವರಿಗೆ ಕೊಡು. ನಾನು ಹೋಗುವ ಕಡೆ ಹೀಗೆ ಕೇಳಿ ಮಾಡಿದ ಪಟ್ಟಿ ಅಡುಗೆಮನೆಯ ಗೋಡೆಯ ಮೇಲಿದೆ. ಮಂಗಳೂರು ಕಡೆಯ ಅಜ್ಜಿಗೆ ಕುಚ್ಚಲಕ್ಕಿ ಗಂಜಿ, ವಿಜಯಪುರದ ಕಡೆಯವರಿಗೆ ಬಿಸಿ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ, ಗಡಿಯಾರದ ತಾತನಿಗೆ ಕಾರ್ಖಾನೆಯ ಕ್ಯಾಂಟೀನಿನಂಥ ಚಿತ್ರಾನ್ನ. ವಾರಕ್ಕೊಂದು ದಿನ ಒಬ್ಬರ ಸರದಿ. ಅವತ್ತು ಅವರು ಮೊದಲು ರುಚಿ ನೋಡಿ ‘ಹದ ಸರಿಯಾಗಿದೆ’ ಎಂದ ಮೇಲೆಯೇ ಉಳಿದವರಿಗೆ ಬಡಿಸುವುದು. ಕಳೆದ ಎರಡು ತಿಂಗಳಿಂದ ಬಕೆಟ್ಟು ಕಾಲು ಗೆರೆ ದಾಟಿಲ್ಲ. ಹಾಲಿನವರು ‘ನಮ್ಮ ಎಮ್ಮೆಗೆ ಏನೂ ಉಳಿಸ್ತಿಲ್ವಲ್ಲ’ ಎಂದು ಗೊಣಗಿದರು.

ಕೊನೆಗೆ, ಇದನ್ನು ಓದುತ್ತಿರುವ ಅಜ್ಜಿ ತಾತಂದಿರೇ, ನನ್ನ ಓರಗೆಯವರೇ, ನಿಮಗೂ ಒಂದು ಮಾತು. ಮೊಮ್ಮಗು ನೋಟ್‌ಬುಕ್ ಹಿಡಿದು ‘ಏನ್ ಬೇಕು ನಿಂಗೆ?’ ಎಂದು ಕೇಳಿದಾಗ ‘ಏನೋ ಒಂದು, ಯಾವ್ದಾದ್ರೂ ಪರ್ವಾಗಿಲ್ಲ’ ಎಂದು ಕೈ ಕೊಡವಬೇಡಿ. ಹೆಸರಿಟ್ಟು ಹೇಳಿ. ಮೆಂತ್ಯದ ದೋಸೆಯೇ ಬೇಕಾದರೆ ಮೆಂತ್ಯದ ದೋಸೆ ಎನ್ನಿ.